ಕೆಂಪು ತಲೆವಸ್ತ್ರದ ಹುಡುಗಿ

ಸ್ವಲ್ಪ ಮೆಲ್ಲಗೆ ಮಾತಾಡೋಣ... ಮೇಲೆ ಮಕ್ಕಳು ಇನ್ನೂ ಮಲಗಿಲ್ಲ. ಆ ಕಿಟಕಿ ಬ್ಲೈಂಡ್ಸ್ ಯಾರಾದ್ರೂ ಮುಚ್ಚಿಬಿಡಿ. ಅದಲ್ಲ. ಕೊಳದ ಕಡೆಯದು.

ಹಾಂ. ಈಗ ಕೇಳಿ.

ಇದು ಎಲ್ಲೋ ಓದಿದ್ದಲ್ಲ, ಯಾರೋ ವಾಟ್ಸಾಪಲ್ಲಿ ಕಳಿಸಿದ್ದೂ ಅಲ್ಲ. ನಮ್ಮ ಎದುರುಮನೆ ನಿವೇದಿತಾಗೆ ಆಗಿದ್ದು. 2016ರ ನವೆಂಬರ್. ಹ್ಯೂಸ್ಟನ್ ಪಕ್ಕದ ಇದೇ ಕೇಟಿಯಲ್ಲಿ, ಇದೇ ಬೀದಿಯಲ್ಲಿ.

ಚಳಿಗಾಲ ಬಂತು ಅಂತ ಊರವರೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟಿದ್ದ ವಾರ. ಆ ವಾರ ಹೇಗಿರುತ್ತೆ ಗೊತ್ತಲ್ಲ, ಕಾಫಿ ಲೋಟ ತೊಳೆಯೋದ್ರೊಳಗೆ ಕತ್ತಲು. ನಿವೇದಿತಾ ಟಪಾಲು ತರೋಕೆ ಹೋಗಿದ್ಲು. ನಮ್ಮಲ್ಲಿ ಅಂಚೆ ಡಬ್ಬಗಳೆಲ್ಲ ಒಂದೇ ಕಡೆ. ಮಳೆನೀರು ನಿಲ್ಲೋ ಕೊಳದ ಆಚೆ, ಆ ದೊಡ್ಡ ಓಕ್ ಮರದ ಕೆಳಗೆ. ಟಪಾಲು ತಗೊಂಡು ವಾಪಸ್ ಬರ್ತಿದ್ದಾಳೆ... ಕೊಳದ ನಡುವೆ ಕಾರಂಜಿ ಇದೆಯಲ್ಲ, ಅದರ ಮೋಟರು ಗುರ್ ಅಂತಿತ್ತು. ಕಪ್ಪೆಗಳು ವಟಗುಟ್ಟುತ್ತಿದ್ವು.

ಮೋಟರು ನಿಂತಿತು. ಕಪ್ಪೆಗಳೂ ನಿಂತವು.

ಆಮೇಲೆ ಒಂದು ಕೂಗು. ಎರಡೇ ಅಕ್ಷರ. ಮೊದಲನೇದು ಉದ್ದಕ್ಕೆ ಎಳೆದು, ಎರಡನೇದು ಮೇಲಕ್ಕೆತ್ತಿ, ಥಟ್ಟನೆ ಕತ್ತರಿಸಿ. ಊ... ಯಾಂ. ಊ... ಯಾಂ.

ನೋಡಿದ್ರೆ ನೀರಿನ ಅಂಚಲ್ಲಿ ಒಬ್ಬ ಹುಡುಗಿ. ಹನ್ನೆರಡೋ ಹದಿಮೂರೋ ವಯಸ್ಸಿರಬಹುದು. ಬೆನ್ನು ಈ ಕಡೆ. ತಲೆಗೆ ಕೆಂಪು ಬಟ್ಟೆ ಕಟ್ಟಿದ್ಲು. ನಾಯಿ ಕಳ್ಕೊಂಡಿರಬೇಕು ಪಾಪ ಅಂದ್ಕೊಂಡು ನಿವೇದಿತಾ ಕೇಳಿದ್ಲು, "ಆರ್ ಯು ಓಕೆ, ಸ್ವೀಟಿ?"

ಹುಡುಗಿ ತಿರುಗಲಿಲ್ಲ. ನಿವೇದಿತಾ ಒಂದು ಹೆಜ್ಜೆ ಮುಂದಿಟ್ಟಳು. ಹುಲ್ಲು ಪಚಕ್ ಅಂತು. ಕೆಳಗೆ ನೋಡಿ ತಲೆ ಎತ್ತೋ ಅಷ್ಟರಲ್ಲಿ... ದಡ ಖಾಲಿ. ಮೋಟರು ಗುರ್ ಅಂತಿದೆ.

ಸೀದಾ ನಮ್ಮ ಮನೆಗೆ ಬಂದ್ಲು. ಮುಖ ಬಿಳಿಚಿಹೋಗಿತ್ತು. ಆದ್ರೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಇತ್ತು ಅವಳ ಮುಖದಲ್ಲಿ.

"ಲೀಲಕ್ಕಾ, ನಂಗ ತಲಿ ಕೆಟ್ಟೈತೇನ್ರಿ? ಚಿತ್ರದಾಗಿನ ಹುಡುಗಿ ಹೊರಗ ಬಂದು ನಿಂತಾಳ."

ಯಾವ ಚಿತ್ರ ಅಂತ ಹೇಳ್ತೀನಿ ಇರಿ.

ನಿವೇದಿತಾ ಹುಬ್ಬಳ್ಳಿಯವಳು. ಹಳೇ ತೈಲಚಿತ್ರಗಳನ್ನ ಸ್ವಚ್ಛ ಮಾಡೋದು, ಹರಿದಿದ್ರೆ ಸರಿಮಾಡೋದು ಕಲಿತಿದ್ಲು. ಮದುವೆಯಾಗಿ ಇಲ್ಲಿಗೆ ಬಂದು ಐದಾರು ವರ್ಷ ಸುಮ್ಮನೆ ಮನೇಲಿ ಕೂತಿದ್ಲು. ಡಿಪೆಂಡೆಂಟ್ ವೀಸಾ ನೋಡಿ, ಕೆಲಸ ಮಾಡೋ ಹಾಗಿಲ್ಲ. ಹಿಂದಿನ ವರ್ಷ ಕಾನೂನು ಬದಲಾಗಿ ಅವಳಿಗೂ ವರ್ಕ್ ಪರ್ಮಿಟ್ ಬಂತು. ಬಂದಿದ್ದೇ ತಡ, ಎಲ್ಲರದೂ ಒಂದೇ ರಾಗ. ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡು, ಮೂರು ತಿಂಗಳಲ್ಲಿ ಕೆಲಸ. ದೇವಸ್ಥಾನಕ್ಕೆ ಹೋದ್ರೂ ಅದೇ, ಸ್ಟಾಫರ್ಡಿನ ಇಂಡಿಯನ್ ಅಂಗಡಿಗೆ ತರಕಾರಿ ತರೋಕೆ ಹೋದ್ರೂ ಅದೇ. ಗಂಡ ಶ್ರೀಶೈಲ್ ಒಳ್ಳೇವನೇ, ತೈಲ ಕಂಪನೀಲಿ ಎಂಜಿನಿಯರು. ಆದ್ರೆ ಅವನೂ ಅದನ್ನೇ ಹೇಳ್ತಿದ್ದ. "ಇದನ್ನ ಹಾಬಿ ಇಟ್ಕೋ ನಿವಿ, ಯಾರ್ ಬ್ಯಾಡ ಅಂದಾರ?" ಅಂತ. ಹಾಬಿ ಅನ್ನೋ ಮಾತು ಕೇಳಿದ್ರೆ ಅವಳಿಗೆ ಮೈಯೆಲ್ಲ ಉರಿ.

ಅಂಥ ಹೊತ್ತಲ್ಲಿ ಮೊದಲನೇ ಕೆಲಸ ಬಂತು. ಡ್ಯಾಲಸ್ ಕಡೆ ಮೆಕಿನ್ನಿಯಲ್ಲಿ ರಾಜಗೋಪಾಲ ಅಂಕಲ್ ಅಂತ ಒಬ್ರು, ಸ್ವಂತ ಕಂಪನಿ ಮಾರಿ ದೊಡ್ಡ ಮನೆ ಕಟ್ಟಿಸ್ತಿದ್ರು. ಯಾರದೋ ಹಳೇ ಬಂಗಲೆಯ ಸಾಮಾನು ಮಾರಾಟದಲ್ಲಿ ಒಂದು ಫ್ರೆಂಚ್ ತೈಲಚಿತ್ರ ಕೊಂಡಿದ್ರು. ಹೊಗೆ ಹಿಡಿದು ಕಂದಾಗಿತ್ತು. ಅದನ್ನ ಸ್ವಚ್ಛ ಮಾಡಬೇಕು. ಜೊತೆಗೆ, ಇದರ ಮೇಲೆ ಯಾವ್ಯಾವ ಚಿತ್ರಕಾರರ ಪ್ರಭಾವ ಇದೆ ಅಂತ ಒಂದು ಪುಟ ಬರೆದುಕೊಡಬೇಕು. ಗೃಹಪ್ರವೇಶಕ್ಕೆ ಬಂದವರು ಓದೋ ಹಾಗೆ ಪಕ್ಕದಲ್ಲಿ ತೂಗುಹಾಕ್ತಾರಂತೆ.

ಚಿತ್ರ ನಾನು ನೋಡಿದೀನಿ. ಅವಳ ಗರಾಜಲ್ಲೇ ಇತ್ತು. ಈ ಟೇಬಲ್‌ಗಿಂತ ಸ್ವಲ್ಪ ಚಿಕ್ಕದು. ಸಂಜೆ ಹೊತ್ತು. ಒಂದು ಕೊಳ. ನೀರು ಕುಡಿಯೋಕೆ ಬಂದ ಹಸುಗಳು. ಎಡಗಡೆ ದೊಡ್ಡ ಮರಗಳು. ದಡದಲ್ಲಿ ನಮಗೆ ಬೆನ್ನು ಹಾಕಿ ನಿಂತ ಹುಡುಗಿ, ತಲೆಗೆ ಕೆಂಪು ಬಟ್ಟೆ. ಒಂದು ಕೈ ಬಾಯಿ ಹತ್ರ. ದನ ಕರೀತಿದ್ದಾಳೆ ಅನ್ನೋ ಹಾಗೆ.

ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಸಾವಿರದ ಎಂಟುನೂರ ಐವತ್ತರ ಆಸುಪಾಸು ಇರಬೇಕು ಅಂದ್ಲು ನಿವೇದಿತಾ. ಆ ಕಾಲದಲ್ಲಿ ಪ್ಯಾರಿಸ್ಸಿನ ಚಿತ್ರಕಾರರು ಊರುಬಿಟ್ಟು ಕಾಡಂಚಿನ ಹಳ್ಳಿಗಳಿಗೆ ಹೋಗಿ ಕೂತು ಬರೀತಿದ್ರಂತೆ. ಟ್ಯೂಬಲ್ಲಿ ಬಣ್ಣ ಬರೋಕೆ ಶುರುವಾಗಿತ್ತಲ್ಲ, ಹೊರಗೆ ಒಯ್ಯೋದು ಸುಲಭ ಆಯ್ತು. ಅವಳು ಈ ವಿಷಯ ಹೇಳೋಕೆ ಕೂತ್ರೆ ಕೇಳಬೇಕು ನೀವು. ಕಣ್ಣೇ ಬೇರೆ ಆಗೋದು.

"ನೋಡ್ರಿ ಅಕ್ಕಾ, ಈ ಹಸು ಐತಲ್ಲ, ಇದು ಫ್ರಾನ್ಸಿನ ಹಸುನ ಅಲ್ಲ. ಅದಕ್ಕೂ ಇನ್ನೂರು ವರ್ಷ ಹಿಂದ ಡಚ್ ಮಂದಿ ಹಿಂಗ ಬರೀತಿದ್ರು. ನೆಲ ಕೆಳಗ, ಆಕಾಶ ದೊಡ್ಡದು, ನಡುವ ಗುಡ್ಡದಂಗ ನಿಂತ ಹಸು. ಈ ಮೋಡ ಇಂಗ್ಲೆಂಡಿನವ್ರಿಂದ ತಗೊಂಡಿದ್ದು. ಈ ಬಂಗಾರದ ಬೆಳಕು ರೋಮಿನಿಂದ ಬಂದದ್ದು. ಮರ ಮಾತ್ರ ಅವನ ಗೆಳ್ಯಾರು ಬರೀತಿದ್ದ ಮರ, ಅದ ಕಾಡಿನ್ಯಾವು."

"ಹುಡುಗಿ?" ಅಂತ ಕೇಳಿದೆ ನಾನು.

ಅವಳ ಮುಖ ಸಪ್ಪಗಾಯ್ತು. "ಅದ ಗೊತ್ತಾಗವಲ್ದು."

ಅಲ್ಲಿಂದ ಶುರುವಾಯ್ತು ನೋಡಿ ಅವಳ ಪರದಾಟ. ಹುಡುಗಿ ಎಲ್ಲಿಂದ ಬಂದ್ಲು? ಹ್ಯೂಸ್ಟನ್ನಿನ ಮ್ಯೂಸಿಯಮ್ಮುಗಳಲ್ಲಿ ಹುಡುಕಿದ್ಲು. ಡ್ಯಾಲಸ್‌ಗೆ ಹೋಗಿ ಬಂದ್ಲು. ಆಸ್ಟಿನ್ ಲೈಬ್ರರಿಯಲ್ಲಿ ದಿನಗಟ್ಟಲೆ ಕೂತ್ಲು. ಕುರಿ ಕಾಯೋ ಹುಡುಗಿಯರ ಚಿತ್ರ ಆ ಕಾಲದಲ್ಲಿ ರಾಶಿ ರಾಶಿ ಇದಾವಂತೆ. ನಿದ್ದೆ ಮಾಡೋರು, ನೂಲು ತೆಗೆಯೋರು, ಪ್ರಾರ್ಥನೆ ಮಾಡೋರು. ಹೀಗೆ ನಿಂತವಳು ಒಬ್ಬಳೂ ಇಲ್ಲ. ಹೆಗಲು ಮೇಲೆದ್ದು, ಕತ್ತು ಮುಂದೆ ಚಾಚಿ, ಹಿಮ್ಮಡಿ ನೆಲ ಬಿಟ್ಟು... ಆಸ್ಟಿನ್ನಲ್ಲಿ ಒಬ್ಬ ಪ್ರೊಫೆಸರಿಗೆ ಫೋಟೊ ತೋರಿಸಿದ್ಲು. ಆತ ಫೋನ್ ಕೈಗೂ ತಗೊಳ್ಳದೆ, ಯಾರೋ ಮೂರನೇ ದರ್ಜೆಯವನು, ಎಲ್ಲಾ ಎರವಲು, ಹುಡುಗಿಯನ್ನೂ ಎಲ್ಲಿಂದಲೋ ಕದ್ದಿರ್ತಾನೆ, ಟೈಮ್ ವೇಸ್ಟ್ ಮಾಡ್ಬೇಡ ಅಂದನಂತೆ. ವಾಪಸ್ ಬರುವಾಗ ಐ-ಟೆನ್ ಹೈವೇಲಿ ಲಾರಿ ಮಗುಚಿ ಟ್ರಾಫಿಕ್ ಜಾಮ್. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ ಅಕ್ಕಾ ಅಂದ್ಲು.

ಇನ್ನು ಸ್ವಚ್ಛ ಮಾಡೋ ಕೆಲಸ... ಅದೇ ನಾನು ಹೇಳಬೇಕಾಗಿದ್ದು.

ಕಡ್ಡಿ ತುದಿಗೆ ಹತ್ತಿ ಸುತ್ತಿ, ಔಷಧಿಯಲ್ಲಿ ಅದ್ದಿ, ಮೆಲ್ಲಗೆ ಉರುಳಿಸ್ತಾ ಹೋಗೋದು. ಹಳೇ ವಾರ್ನಿಶ್ ಕರಗಿ ಹತ್ತಿಗೆ ಹತ್ತುತ್ತೆ. ಆಕಾಶ ಬಂತು. ಮರ ಬಂತು. ಹಸುಗಳ ಮೈ ಮಿಂಚಿತು. ಕೊಳ ಮಾತ್ರ ಬರ್ಲಿಲ್ಲ. ಅಂದ್ರೆ, ಬರ್ತಿತ್ತು. ಮಾರನೇ ದಿನ ನೋಡಿದ್ರೆ ಮತ್ತೆ ಕಂದು.

ನಂಬಲ್ಲ ಅಲ್ವಾ? ಶ್ರೀಶೈಲೂ ನಂಬ್ಲಿಲ್ಲ. ನಿನ್ನೆ ಬ್ಯಾರೆ ಕಡೆ ಒರಸಿರ್ತಿ, ಮರತಿ ಅಂದ. ಆದ್ರೆ ನಾನು ಅಲ್ಲೇ ಕೂತು ನೋಡಿದೀನಿ. ನನ್ನ ಮುಂದೇನೇ ಅಂಗೈಯಷ್ಟು ಜಾಗ ಒರೆಸಿದ್ಲು. ಅಡಿಯಲ್ಲಿ ಎಂಥಾ ನೀಲಿ ಬೂದು ನೀರು ಅಂತೀರಿ! ಮೋಡದ ನೆರಳು ಕೂಡ ಕಾಣ್ತಿತ್ತು. ಬೆಳಗ್ಗೆ ಮಕ್ಕಳನ್ನ ಬಸ್ಸಿಗೆ ಹತ್ತಿಸಿ ಹೋಗಿ ನೋಡ್ತೀನಿ... ಕಂದು. ಒದ್ದೆ ಕಾಫಿಪುಡಿ ಬಳಿದ ಹಾಗೆ. ಕೊಳೆ ಹತ್ತಿದ ಹತ್ತಿಯನ್ನೆಲ್ಲ ಅವಳು ಒಂದು ಗಾಜಿನ ಜಾರಿಗೆ ಹಾಕ್ತಿದ್ಲು. ಜಾರು ತುಂಬಿ ಎರಡನೇ ಜಾರು ಬಂದಿತ್ತು. ಒರೆಸಿದ್ದು ಸುಳ್ಳಾದ್ರೆ ಆ ಹತ್ತಿ ಎಲ್ಲಿಂದ ಬಂತು? ಮುಚ್ಚಳ ತೆಗೆದು ಮೂಸಿದೆ. ವಾರ್ನಿಶ್ ವಾಸನೆ ಅಲ್ಲ ಅದು. ಕೆಸರು. ಬೇಸಿಗೆಯಲ್ಲಿ ಬತ್ತಿದ ಕೆರೆ ತಳದ ಕೆಸರು.

ಆ ಕಾಲದವರು ಡಾಂಬರು ಜಾತಿಯ ಒಂದು ಕಂದು ಬಣ್ಣ ಬಳೀತಿದ್ರಂತೆ, ಯಾವತ್ತೂ ಪೂರ್ತಿ ಒಣಗಲ್ಲವಂತೆ. ಅದೇ ಉಕ್ಕಿ ಬರ್ತಿರಬೇಕು ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡ್ಲು. ಆದ್ರೆ ಅದು ಹೀಗೆ ರಾತ್ರೋರಾತ್ರಿ ಬರಲ್ಲ ಅಂತ ಅವಳಿಗೇ ಗೊತ್ತು. ಈ ಕಡೆ ರಾಜಗೋಪಾಲ ಅಂಕಲ್ ಫೋನು, ಆಯ್ತಾ ಅಮ್ಮ, ಆಯ್ತಾ ಅಮ್ಮ... ಆ ಕಡೆ ಗಂಡ ಟೆಸ್ಟಿಂಗ್ ಕೋರ್ಸಿನ ಲಿಂಕ್ ಕಳಿಸ್ತಿದ್ದಾನೆ. ಒಂದು ದಿನ ಹತ್ತಿಕಡ್ಡಿಗಳ ಡಬ್ಬ ಎತ್ತಿ ಗೋಡೆಗೆ ಎಸೆದಳು. ಶಬ್ದ ಕೇಳಿ ನಾನು ಓಡಿಹೋದೆ.

"ನಂಗ ಒಂದ ಒಂದು ಕೆಲಸ ಬರ್ತೈತ್ರಿ ಅಕ್ಕಾ ಈ ಜಗತ್ತಿನಾಗ," ಅಂದ್ಲು. "ಅದೂ ಆಗವಲ್ದು."

ಅದೇ ದಿನಗಳಲ್ಲೇ ಕೊಳದ ಹತ್ರ ಹುಡುಗಿ ಕಂಡಿದ್ದು.

ಆಮೇಲೆ ನಿವೇದಿತಾ ಒಂದು ಹಟಕ್ಕೆ ಬಿದ್ಲು. ಬಣ್ಣದ ಅಡಿಯಲ್ಲಿ ಏನಿದೆ ನೋಡಲೇಬೇಕು. ಅದಕ್ಕೆ ಎಕ್ಸ್‌ರೇ ಬೇಕು. ದೊಡ್ಡ ಸಂಸ್ಥೆಗಳಲ್ಲಿ ಕೇಳಿದ್ರೆ ಅವಳು ಯಾರು ಅಂತ ಕೇಳೋರು. ಕೊನೆಗೆ ನಮ್ಮ ಬಾಳಪ್ಪ ಡಾಕ್ಟ್ರು ಒಪ್ಕೊಂಡ್ರು. ಬೆಳಗಾವಿಯವರು, ನಾಯಿ ಬೆಕ್ಕುಗಳ ಡಾಕ್ಟ್ರು. ಭಾನುವಾರ ಕ್ಲಿನಿಕ್ ಮುಚ್ಚಿರುತ್ತೆ, ತಗೊಂಬರ್ರಿ ಅಂದ್ರು. ನಾನೂ ಹೋಗಿದ್ದೆ. ಲ್ಯಾಬ್ರಡಾರ್ ಮಲಗಿಸೋ ಮೇಜಿನ ಮೇಲೆ ಫ್ರೆಂಚ್ ಚಿತ್ರ ಮಲಗಿಸಿದ್ವಿ. ನಗು ಬಂತು ನಮಗೆ, ನಿಜ ಹೇಳ್ತೀನಿ. ಮಿಷನ್ನು ಝುಂಯ್ ಅಂತು, ಟಕ್ ಅಂತು.

ಪರದೆ ಮೇಲೆ ಮೊದಲು ಹಸುಗಳು ಬಂದ್ವು, ಮಸುಕಾಗಿ. ಸೀಸದ ಬಿಳಿ ಬಣ್ಣ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆಳ್ಳಗೆ ಕಾಣುತ್ತೆ. ಆಮೇಲೆ ಕೊಳ. ಬಾಳಪ್ಪ ಡಾಕ್ಟ್ರು ಬಗ್ಗಿ ನೋಡಿದ್ರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು.

"ತಂಗೀ... ಇದು ಕೈ ಅಲ್ಲೇನು?"

ಕೈಯೇ. ಚಿಕ್ಕದು. ನೀರಿಂದ ಮೇಲೆ ಬಂದ ಐದು ಬೆರಳು. ಅದರ ಪಕ್ಕ ಒಂದು ಮುಖದ ಅರ್ಧ. ನಾಲ್ಕೈದು ವರ್ಷದ ಮಗು. ಅದರ ಮೇಲೆ ಯಾರೋ ಕಂದು ಬಣ್ಣ ಬಳಿದು ನೀರು ಮಾಡಿದ್ರು.

ಒಳಗೆಲ್ಲೋ ಗೂಡಲ್ಲಿದ್ದ ನಾಯಿಯೊಂದು ಕುಂಯ್ ಅಂತಿತ್ತು.

"ಆಕಿ ದನ ಕರಿಯಾಕತ್ತಿಲ್ಲ," ಅಂದ್ಲು ನಿವೇದಿತಾ.

ಕಾರಲ್ಲಿ ಬರುವಾಗ ಅವಳೇ ಹೇಳಿದ್ಲು, ತುಂಬಾ ಮೆಲ್ಲಗೆ. ಹಸು, ಮೋಡ, ಬೆಳಕು, ಎಲ್ಲಾ ಅವನು ಬೇರೆಯವರನ್ನ ನೋಡಿ ಬರೆದಿದ್ದು. ಇದೊಂದನ್ನ ಮಾತ್ರ ಕಣ್ಣಾರೆ ನೋಡಿ ಬರೆದಿದ್ದಾನೆ. ಅದಕ್ಕೇ ಈ ಹುಡುಗಿ ಬೇರೆ ಯಾವ ಚಿತ್ರದಲ್ಲೂ ಸಿಗಲ್ಲ. ಸತ್ತ ಮಗು ಇರೋ ಚಿತ್ರ ಯಾರು ತಗೋತಾರೆ? ಅವನೇ ಮುಚ್ಚಿದನೋ, ಮಾರುವವನು ಮುಚ್ಚಿಸಿದನೋ. ಆ ಮಗು ಅವಳ ತಮ್ಮನೇ ಇರಬೇಕು. ತಮ್ಮನನ್ನ ಮುಚ್ಚಿದ್ರು, ಅಕ್ಕನನ್ನ ಬಿಟ್ರು.

ಬಣ್ಣ ತೆಗೆದು ಮಗುವನ್ನ ಹೊರಗೆ ತರೋಕೆ ಆಗುತ್ತಂತೆ. ಆದ್ರೆ ಚಿತ್ರದ ಯಜಮಾನರು ಒಪ್ಪಬೇಕು. ಇಲ್ಲದೆ ಮುಟ್ಟೋ ಹಾಗಿಲ್ಲ, ಅದು ಅವಳ ಕಸುಬಿನ ಧರ್ಮ. ನಮ್ಮ ಅಡುಗೆಮನೇಲಿ ಕೂತೇ ಫೋನ್ ಮಾಡಿದ್ಲು. ಸ್ಪೀಕರಲ್ಲಿತ್ತು.

"ಏನಮ್ಮ ಹೇಳ್ತಿದೀಯ?" ಅಂದ್ರು ರಾಜಗೋಪಾಲ ಅಂಕಲ್. "ಹಸು ಚಿತ್ರ ಕೊಟ್ಟಿದೀನಿ ನಾನು. ಗೃಹಪ್ರವೇಶ ಇಟ್ಕೊಂಡು ಹಾಲ್‌ನಲ್ಲಿ ಹೆಣ ತೂಗುಹಾಕ್ಲಾ?"

"ಅಂಕಲ್, ಚಿತ್ರದ ಜೀವ ಅಲ್ಲೈತ್ರಿ. ಉಳಿದದ್ದೆಲ್ಲ ಎರವಲು."

"ಎರವಲೇ ಚೆನ್ನಾಗಿದೆ ಬಿಡಮ್ಮ. ನನಗೆ ಎರವಲೇ ಸಾಕು. ಹಾಗೇ ವಾಪಸ್ ತಂದುಕೊಡು. ಆ ಪ್ರಭಾವದ್ದು ಒಂದು ಪುಟ ಇದೆಯಲ್ಲ, ಅದನ್ನ ಕೊಡು. ಮಗೂ ಗಿಗೂ ಅಂತ ಬರೀಬೇಡ."

ಫೋನಿಟ್ಟ ಮೇಲೆ ಅವಳು ಅಳ್ಲಿಲ್ಲ. ಎದ್ದು ನಮ್ಮ ಸಿಂಕಲ್ಲಿ ಕೈ ತೊಳೆದಳು. ಎಷ್ಟು ತೊಳೆದ್ರೂ ಉಗುರಿನ ಸಂದಿಯ ಕಂದು ಹೋಗ್ಲಿಲ್ಲ.

"ಬರ್ರಿ ಅಕ್ಕಾ," ಅಂದ್ಲು.

"ಎಲ್ಲಿಗೆ?"

"ಆಕಿಗೆ ಹೇಳಬೇಕಲ್ಲ."

ಬೇಡ ಅಂದೆ. ಅವಳು ಆಗ್ಲೇ ಬಾಗಿಲು ದಾಟಿದ್ಲು. ಒಬ್ಬಳನ್ನೇ ಹೇಗೆ ಕಳಿಸ್ಲಿ? ಶಾಲು ಹೊದ್ದು ಹಿಂದೆ ಹೋದೆ. ದೀಪ ಹತ್ತೋ ಹೊತ್ತು. ಕೊಳದ ಸುತ್ತ ಯಾರೂ ಇರ್ಲಿಲ್ಲ. ಹೈವೇ ಕಡೆಯಿಂದ ಸುಯ್ ಅಂತ ಕಾರುಗಳ ಸದ್ದು. ಕಾರಂಜಿ ಮೋಟರು ಗುರ್ ಗುರ್...

ನಿಂತಿತು.

ಹುಡುಗಿಯನ್ನ ನಾನು ನೋಡ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ನನಗೆ ಕಂಡಿದ್ದು ಬರೀ ನೀರು, ಓಕ್ ಮರ, ಕತ್ತಲು. ಆದ್ರೆ ಕೂಗು ಕೇಳಿಸ್ತು. ಇಲ್ಲಿ... ಇಷ್ಟು ಹತ್ತಿರ. ಊ... ಯಾಂ. ನನಗೆ ಫ್ರೆಂಚ್ ಬರಲ್ಲ. ಬರಬೇಕಾಗೂ ಇಲ್ಲ. ಕತ್ತಲಾದ ಮೇಲೆ ಮಗುವನ್ನ ಹೆಸರು ಹಿಡಿದು ಒಳಗೆ ಕರೆಯೋ ಕೂಗು ಯಾವ ಭಾಷೇಲಿದ್ರೂ ಗೊತ್ತಾಗುತ್ತೆ. ಮೊದಲನೇ ಸಲ ಸಿಟ್ಟಿರುತ್ತೆ, ಎರಡನೇ ಸಲ ಸ್ವಲ್ಪ ಕಮ್ಮಿ, ಮೂರನೇ ಸಲ ಸಿಟ್ಟೇ ಇರಲ್ಲ.

ನಿವೇದಿತಾ ನೀರಿನ ಅಂಚಿಗೆ ಹೋಗಿ ನಿಂತಳು. ಯಾರನ್ನೋ ನೋಡ್ತಾ, ಪಕ್ಕದ ಮನೆ ಹುಡುಗಿ ಹತ್ರ ಮಾತಾಡೋ ಹಾಗೆ ಹುಬ್ಬಳ್ಳಿ ಕನ್ನಡದಲ್ಲೇ ಹೇಳಿದ್ಲು.

"ಅವ ಅಲ್ಲೇ ಅದಾನವ್ವಾ. ನಾ ನೋಡೇನಿ. ತಗೀಲಿಕ್ಕೆ ನಂಗ ಬಿಡವಲ್ರು... ನಾ ಏನ್ ಮಾಡ್ಲಿ ಹೇಳು? ನಾ ಏನ್ ಮಾಡ್ಲಿ?"

ಕೊನೇ ಮಾತು ಹೆಚ್ಚುಕಮ್ಮಿ ಕಿರುಚಿದ್ಲು. ಕೂಗು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಪ್ಪೆ, ಆಮೇಲೆ ಇನ್ನೊಂದು.

ಡಿಸೆಂಬರಲ್ಲಿ ಚಿತ್ರ ವಾಪಸ್ ಕೊಡೋಕೆ ಮೆಕಿನ್ನಿಗೆ ಒಬ್ಬಳೇ ಹೊರಟಳು. ಹಿಂದಿನ ಸೀಟಲ್ಲಿ ಕಂಬಳಿ ಸುತ್ತಿ ಮಲಗಿಸಿದ್ವಿ, ನಾನೇ ಒಂದು ಕಡೆ ಹಿಡಿದಿದ್ದೆ. ಕೊಳ ಕಂದಾಗೇ ಇತ್ತು. ಅಲ್ಲಿ ರಾಜಗೋಪಾಲ ಅಂಕಲ್ ಮುಖ ಸಿಂಡರಿಸಿದ್ರಂತೆ. ಹಸು ಚೆನ್ನಾಗಿ ಬಂದಿದೆ, ನೀರು ಯಾಕೆ ಹೀಗೆ, ಅರ್ಧ ಕೆಲಸ ಮಾಡಿದೀಯಲ್ಲಮ್ಮ ಅಂದ್ರಂತೆ. ಪುಟ ಓದಿದ್ರು. ಡಚ್ಚರು, ಇಂಗ್ಲಿಷರು, ರೋಮು, ಎಲ್ಲಾ ಸರಿಯಾಗಿದೆ ಅಂತ ಖುಷಿಪಟ್ರು. ಕೊನೇಲಿ ಅವಳು ಒಂದೇ ಸಾಲು ಸೇರಿಸಿದ್ಲು, ದಡದಲ್ಲಿರುವ ಹುಡುಗಿಗೆ ಯಾರ ಪ್ರಭಾವವೂ ಇಲ್ಲ ಅಂತ. ಅದನ್ನ ತೆಗೆಸಿದ್ರು.

ಅವಳು ಕಾಫಿ ಬೇಡ ಅಂದು ಹೊರಟುಬಿಟ್ಟಳು.

ಡ್ಯಾಲಸ್ ಊರೊಳಗೆಲ್ಲ ಟ್ರಾಫಿಕ್. ಅದು ದಾಟಿ, ಹ್ಯೂಸ್ಟನ್ ದಾರಿ ಬಯಲಿಗೆ ಬಿದ್ದ ಮೇಲೆ ಶುರುವಾಯ್ತಂತೆ. ಟಿಣ್... ಟಿಣ್... ಟಿಣ್. ಮುಂದಿನ ಪಕ್ಕದ ಸೀಟಲ್ಲಿ ಯಾರಾದ್ರೂ ಬೆಲ್ಟ್ ಹಾಕದೆ ಕೂತ್ರೆ ಹೊಡ್ಕೊಳ್ಳುತ್ತಲ್ಲ, ಆ ಸದ್ದು. ಮುಂದೆ ಕೆಂಪು ದೀಪ. ಸೀಟ್ ಮೇಲೆ ಏನೂ ಇಲ್ಲ. ಬ್ಯಾಗ್ ಕೆಳಗಿದೆ. ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಸೀಟು ತಟ್ಟಿದ್ಲು, ಬಾಗಿಲು ತೆಗೆದು ಹಾಕಿದ್ಲು, ಎಂಜಿನ್ ಆಫ್ ಮಾಡಿ ಆನ್ ಮಾಡಿದ್ಲು. ಹೊರಟ ತಕ್ಷಣ ಮತ್ತೆ... ಟಿಣ್, ಟಿಣ್, ಟಿಣ್. ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತಂತೆ ಅವಳಿಗೆ. ಕಾರು ಪಕ್ಕಕ್ಕೆ ಹಾಕಿ, ಖಾಲಿ ಸೀಟಿನ ಕಡೆ ತಿರುಗಿ, "ಬೆಲ್ಟ್ ಹಾಕ್ಕೋ ಅಂದ್ರ ತಿಳ್ಯಾಂಗಿಲ್ಲೇನು ನಿಂಗ?" ಅಂತ ಗದರಿದ್ಲು. ಗದರಿ, ಕೈ ಚಾಚಿ ತಾನೇ ಬೆಲ್ಟ್ ಎಳೆದು ಹಾಕಿದ್ಲು. ಕ್ಲಿಕ್.

ಸದ್ದು ನಿಂತಿತು. ಮನೆ ತನಕ ಮತ್ತೆ ಬರ್ಲಿಲ್ಲ.

ಅವಳ ಕಾರು ಬಂದಾಗ ನಾನು ಅವರ ಗರಾಜ್ ಮುಂದೆ ಶ್ರೀಶೈಲ್ ಜೊತೆ ಮಾತಾಡ್ತಾ ನಿಂತಿದ್ದೆ. ಊಟ ಕೊಡೋಕೆ ಹೋಗಿದ್ದೆ, ಹೆಂಗೂ ಸುಸ್ತಾಗಿ ಬರ್ತಾಳೆ ಅಂತ. ಅವಳು ಇಳಿದು ಸೀದಾ ಒಳಗೆ ಹೋದ್ಲು. ಶ್ರೀಶೈಲ್ ಅವಳ ಬ್ಯಾಗ್ ತಗೊಳ್ಳೋಕೆ ಆ ಕಡೆ ಬಾಗಿಲು ತೆಗೆದ. ಬೆಲ್ಟ್ ಹಾಕೇ ಇತ್ತು. ಗುಂಡಿ ಒತ್ತಿದ, ಸರ್ರಂತ ಒಳಗೆ ಹೋಯ್ತು. ಬಗ್ಗಿ ಸೀಟ್ ಮೇಲೆ ಕೈಯೂರಿದವನು ಹಾಗೇ ನಿಂತ.

"ನಿವೀ," ಅಂತ ಒಳಗೆ ಕೂಗಿ ಕೇಳಿದ, "ಯಾರನ್ನ ಇಳಿಸಿ ಬಂದಿ?"

ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸ್ತು.

ನಾನೂ ಕೈಯಿಟ್ಟು ನೋಡಿದೆ. ಹಳೇ ಕಾರು ಅದು, ಸೀಟು ಕಾಯಿಸೋ ಸ್ವಿಚ್ಚೆಲ್ಲ ಇರ್ಲಿಲ್ಲ. ಆ ರಾತ್ರಿ ಎಂಥಾ ಚಳಿ! ಸೀಟೆಲ್ಲ ತಣ್ಣಗಿತ್ತು. ನಡುವೆ ಒಂದಿಷ್ಟು ಜಾಗ ಮಾತ್ರ... ನೀವು ನಂಬಿ ಬಿಡಿ, ಕೈಯಿಟ್ಟವಳು ನಾನು... ನನ್ನ ಎರಡು ಅಂಗೈ ಅಗಲ ಅಷ್ಟೇ, ನಾಲ್ಕೈದು ವರ್ಷದ ಮಗು ಕೂತೆದ್ದ ಹಾಗೆ, ಬೆಚ್ಚಗಿತ್ತು.